ಕನಸೆಂದು ಗೊತ್ತಿದ್ದರೂ ಹೆದರಿಕೆಯೇಕೆ?



ಕಳೆದ ಸಂಚಿಕೆಯಲ್ಲಿ ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ತಯಾರಿಸುವ ಕ್ರಮದ ಬಗ್ಗೆ ಈ ಅಂಕಣದಲ್ಲಿ ಓದಿದ್ದೀರಿ. ಈ ಬಾರಿ ತೋಟದಿಂದ ಮನೆಯೊಳಗೆ, ಹಾಸಿಗೆಯ ಹತ್ತಿರ ಬರೋಣ. ನಿದ್ದೆಯೂ ಕೃಷಿಕನ ಬಂಡವಾಳವೇ. ರಾತ್ರಿ ಸರಿಯಾಗಿ ನಿದ್ದೆ ಮಾಡದವನು ಬೆಳಿಗ್ಗೆ ಮರ ಹತ್ತಬಾರದು, ಕತ್ತಿ ಹಿಡಿಯಬಾರದು. ಆದರೆ ನಿದ್ದೆಯೇ ಹೆದರಿಕೆಯಾಗಿ ಬಿಟ್ಟವರು ಏನು ಮಾಡಬೇಕು? ಈ ಪ್ರಶ್ನೆಯನ್ನು ನನಗೆ ಕೇಳಿದವರು ನಮ್ಮ ನಡುವಿನವರೇ.

ಕಳೆದ ಮಳೆಗಾಲ ಮುಗಿದ ಮೇಲೆ ನಾಯ್ಮಾರ್ಮೂಲೆಯ ಒಂದು ಮನೆಗೆ ಹೋಗಿದ್ದೆ. ಮನೆಯ ಯಜಮಾನರು ಸಣ್ಣ ಪ್ರಾಯದಲ್ಲೇ ಕಾಲಿಗೆ ತಳೆ ಹಾಕಿ ಕಂಗು ಹತ್ತಲು ಕಲಿತವರು. ಕೆಳಗಿಳಿಯದೆ ಮರದಿಂದ ಮರಕ್ಕೆ ತೂಗಿ ದಾಟುವುದರಲ್ಲಿ ಸುತ್ತಲಿನ ತೋಟದವರೆಲ್ಲ ಅವರನ್ನೇ ಕರೆಯುತ್ತಿದ್ದರು. ಎರಡು ವರ್ಷಗಳ ಹಿಂದೆ ಮದ್ದು ಬಿಡುವಾಗ ಪಾಚಿ ಹಿಡಿದ ಮರದಿಂದ ಜಾರಿ ಬಿದ್ದರು. ಸೊಂಟದ ಎಲುಬು ಮುರಿಯಿತು. ದೇವರ ದಯೆಯಿಂದ ಈಗ ನಡೆದಾಡುತ್ತಾರೆ. ನಾನು ಕ್ಷೇಮ ವಿಚಾರಿಸಿದಾಗ ಅವರು ಹೇಳಿದ್ದು ಇಷ್ಟು: “ಎಲುಬು ಕೂಡಿತು ಫಾದರ್. ಬೀಳುವುದು ಮಾತ್ರ ನಿಲ್ಲಲಿಲ್ಲ.”

ಅವರ ಹೆಂಡತಿ ಉಳಿದದ್ದನ್ನು ಹೇಳಿದರು. “ವಾರಕ್ಕೆ ಮೂರು ನಾಲ್ಕು ರಾತ್ರಿ ಇವರು ಬೊಬ್ಬೆ ಹೊಡೆದು ಏಳುತ್ತಾರೆ. ಮಕ್ಕಳು ಎದ್ದು ಕೂತುಕೊಳ್ಳುತ್ತಾರೆ. ಒಂದು ಗ್ಲಾಸು ಹಾಕಿದರೆ ನಿದ್ದೆ ಬರುತ್ತದೆ ಅಂತ ಶುರು ಮಾಡಿದ್ದು, ಈಗ ಒಂದರಲ್ಲಿ ನಿಲ್ಲುವುದಿಲ್ಲ.”

ಯಜಮಾನರು ತಲೆ ತಗ್ಗಿಸಿ ಕೂತಿದ್ದರು. ಸ್ವಲ್ಪ ಹೊತ್ತಿನ ಮೇಲೆ ಅವರು ಕೇಳಿದ ಪ್ರಶ್ನೆಯೇ ಈ ಲೇಖನದ ಶೀರ್ಷಿಕೆ. “ಬೀಳುವಾಗ ನನಗೆ ಗೊತ್ತಿರುತ್ತದೆ ಫಾದರ್, ಇದು ಕನಸು ಅಂತ. ಗೊತ್ತಿದ್ದರೂ ಹೆದರಿಕೆಯೇಕೆ? ಗೊತ್ತಿದ್ದರೂ ಮರ ಯಾಕೆ ಕೈಗೆ ಸಿಕ್ಕುವುದಿಲ್ಲ?”

ಅರಿವಿನ ಕನಸು

ಕನಸು ಕಾಣುತ್ತಿರುವಾಗಲೇ ‘ಇದು ಕನಸು’ ಎಂದು ತಿಳಿಯುವುದನ್ನು ನಾವು ಅರಿವಿನ ಕನಸು ಎನ್ನಬಹುದು. ಇಂಗ್ಲಿಷಿನಲ್ಲಿ ಇದಕ್ಕೆ ಲೂಸಿಡ್ ಡ್ರೀಮ್ ಎನ್ನುತ್ತಾರೆ. ಇದು ಹುಚ್ಚಿನ ಲಕ್ಷಣವಲ್ಲ, ಯಾರೋ ಮಾಡಿಸಿದ ಮಾಟವೂ ಅಲ್ಲ. ಅನೇಕರಿಗೆ ಬದುಕಿನಲ್ಲಿ ಒಮ್ಮೆಯಾದರೂ ಆಗುವ ಅನುಭವ.

ಇದು ಹೊಸತೂ ಅಲ್ಲ. ಸಂತ ಅಗಸ್ಟೀನರು ಸುಮಾರು 415ರಲ್ಲಿ ಇವೋದಿಯುಸ್ ಎಂಬ ಬಿಷಪರಿಗೆ ಬರೆದ ಪತ್ರದಲ್ಲಿ ಗೆನ್ನಾದಿಯುಸ್ ಎಂಬ ವೈದ್ಯನ ಕನಸನ್ನು ತಿಳಿಸಿದ್ದಾರೆ. ಸತ್ತ ಮೇಲೆ ಬದುಕುಂಟೋ ಇಲ್ಲವೋ ಎಂಬ ಸಂಶಯ ಆ ವೈದ್ಯನಿಗೆ ತಾರುಣ್ಯದಲ್ಲಿತ್ತು. ಒಂದು ರಾತ್ರಿ ಕನಸಿನಲ್ಲಿ ಒಬ್ಬ ಯುವಕ ಬಂದು ಅವನನ್ನು ಸುಂದರ ಪಟ್ಟಣವೊಂದಕ್ಕೆ ಕರೆದೊಯ್ದ. ಮರುರಾತ್ರಿ ಅದೇ ಯುವಕ ಮತ್ತೆ ಬಂದು, ನನ್ನನ್ನು ಎಲ್ಲಿ ನೋಡಿದ್ದೆ ಎಂದು ಕೇಳಿದ. ನಿದ್ದೆಯಲ್ಲಿ ಎಂದ ವೈದ್ಯ. ಹಾಗಾದರೆ ಈಗ ನೋಡುತ್ತಿರುವುದೂ ನಿದ್ದೆಯಲ್ಲೇ, ನಿನ್ನ ಶರೀರ ಈಗ ಎಲ್ಲಿದೆ ಎಂದು ಯುವಕ ಪುನಃ ಕೇಳಿದ. ಹಾಸಿಗೆಯಲ್ಲಿದೆ ಎಂದು ವೈದ್ಯ ಉತ್ತರಿಸಿದ. ಕನಸಿನೊಳಗೇ ನಡೆದ ಈ ಮಾತುಕತೆಯಿಂದ ಅವನ ಸಂಶಯ ನಿವಾರಣೆಯಾಯಿತೆಂದು ಅಗಸ್ಟೀನರು ಬರೆಯುತ್ತಾರೆ. ನಮ್ಮ ಲೇಖನಕ್ಕೆ ಬೇಕಾದದ್ದು ಒಂದೇ ಅಂಶ. ತಾನು ಮಲಗಿದ್ದೇನೆಂದು ಅರಿತೇ ಕನಸು ಕಂಡವನೊಬ್ಬನ ಸಂಗತಿ 1600 ವರ್ಷಗಳ ಹಿಂದೆಯೇ ದಾಖಲಾಗಿದೆ.

ನಾಯ್ಮಾರ್ಮೂಲೆಯವರ ಪ್ರಶ್ನೆಗೆ ಹೆಚ್ಚು ಹತ್ತಿರದ ಉತ್ತರ 13ನೇ ಶತಮಾನದ ಸಂತ ತೋಮಸ್ ಅಕ್ವಿನಾಸರಲ್ಲಿದೆ. ನಿದ್ದೆಯಲ್ಲಿ ಮನುಷ್ಯನ ತಿಳಿವಳಿಕೆ ಕೆಲವೊಮ್ಮೆ ಅರ್ಧ ಬಿಡುಗಡೆಯಾಗುತ್ತದೆ. ಆಗ ಅವನು ಕಾಣುತ್ತಿರುವುದು ಕನಸೆಂದು ತೀರ್ಮಾನಿಸಬಲ್ಲ. ಆದರೆ ಉಳಿದರ್ಧ ಕಟ್ಟಿಹಾಕಿದ ಹಾಗೆಯೇ ಇರುವುದರಿಂದ ಯಾವುದಾದರೊಂದು ವಿಷಯದಲ್ಲಿ ಅವನು ಮೋಸಹೋಗುತ್ತಲೇ ಇರುತ್ತಾನೆ. ಅವರ ಅಭಿಪ್ರಾಯದ ಸಾರಾಂಶ ಇದು. ಸೆಮಿನರಿಯಲ್ಲಿ ಇದನ್ನು ಪರೀಕ್ಷೆಗಾಗಿ ಓದಿದ್ದೆ. ಇದರ ಅರ್ಥ ತಿಳಿದದ್ದು ಬಹಳ ತಡವಾಗಿ.

ಇಂದಿನ ವಿಜ್ಞಾನವೂ ಹೆಚ್ಚುಕಡಿಮೆ ಇದನ್ನೇ ಹೇಳುತ್ತದೆ. ನಮ್ಮ ನಿದ್ದೆ ಸುಮಾರು 90 ನಿಮಿಷಗಳ ಸುತ್ತುಗಳಲ್ಲಿ ನಡೆಯುತ್ತದೆ. ಪ್ರತಿ ಸುತ್ತಿನ ಕೊನೆಗೆ ಮುಚ್ಚಿದ ರೆಪ್ಪೆಯೊಳಗೆ ಕಣ್ಣುಗುಡ್ಡೆ ಬೇಗಬೇಗನೆ ಓಡಾಡುವ ಒಂದು ಹಂತವಿದೆ. ಇದನ್ನು 1953ರಲ್ಲಿ ಷಿಕಾಗೋದ ಅಸೆರಿನ್ಸ್ಕಿ ಮತ್ತು ಕ್ಲೈಟ್‌ಮನ್ ಪ್ರಕಟಪಡಿಸಿದರು. ಎದ್ದುಕಾಣುವ ಕನಸುಗಳು ಹೆಚ್ಚಾಗಿ ಬೀಳುವುದು ಈ ಹಂತದಲ್ಲಿ. ಬೆಳಗಿನ ಜಾವ ಹತ್ತಿರವಾದಂತೆ ಈ ಹಂತ ಉದ್ದವಾಗುತ್ತದೆ. ಆಗ ಮಿದುಳಿನಲ್ಲಿ ಹೆದರಿಕೆಯ ಭಾಗ ಚುರುಕಾಗಿರುತ್ತದೆ, ತೂಗಿ ನೋಡಿ ತೀರ್ಮಾನಿಸುವ ಮುಂಭಾಗ ಮಂಕಾಗಿರುತ್ತದೆ. ಕೈಕಾಲಿನ ಸ್ನಾಯುಗಳು ಸಡಿಲವಾಗಿ ಅಲುಗದಂತಿರುತ್ತವೆ. ಅರಿವಿನ ಕನಸಿನಲ್ಲಿ ಆ ಮುಂಭಾಗ ಸ್ವಲ್ಪ ಎಚ್ಚರಗೊಳ್ಳುತ್ತದೆ. 1975ರಲ್ಲಿ ಇಂಗ್ಲೆಂಡಿನ ಹಲ್ ವಿಶ್ವವಿದ್ಯಾನಿಲಯದಲ್ಲಿ ಕೀತ್ ಹರ್ನ್, ಆಮೇಲೆ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಸ್ಟೀಫನ್ ಲಾಬರ್ಜ್ ಇದನ್ನು ಪ್ರಯೋಗದಿಂದ ತೋರಿಸಿದರು. ನಿದ್ದೆಯಲ್ಲಿದ್ದವರು ಮೊದಲೇ ಮಾಡಿಕೊಂಡ ಒಪ್ಪಂದದಂತೆ ಕಣ್ಣನ್ನು ಎಡಕ್ಕೂ ಬಲಕ್ಕೂ ಹೊರಳಿಸಿ ‘ನಾನು ಕನಸಿನೊಳಗಿದ್ದೇನೆ’ ಎಂಬ ಸಂಕೇತ ಕೊಟ್ಟರು.

ಹಾಗಾದರೆ ಉತ್ತರ ಇದು: ಬುದ್ಧಿ ಎಚ್ಚರವಾಗಿದೆ, ಆದರೆ ಹೆದರಿಕೆ ಇನ್ನೂ ಕನಸಿನಲ್ಲೇ ಇದೆ. ಬುದ್ಧಿ ಒಂದೇ ಸಾಲದು.

ಮೊಬೈಲಿನ ಪಾಠ

ಇತ್ತೀಚೆಗೆ ಕೆಲವು ಯುವಕರು ಮೊಬೈಲಿನಲ್ಲಿ ನೋಡಿ ಬೇಕೆಂದೇ ಅರಿವಿನ ಕನಸನ್ನು ತರಿಸಿಕೊಳ್ಳಲು ಹೊರಟಿದ್ದಾರೆ. ಮೂರು ಗಂಟೆಗೆ ಅಲಾರಂ ಇಟ್ಟು ಏಳುವುದು, ಅರ್ಧ ಗಂಟೆ ಕೂತು ಪುನಃ ಮಲಗುವುದು, ಕನಸಿನಲ್ಲಿ ಹಾರಾಡುವುದು. ಕಾಲೇಜಿಗೆ ಹೋಗುವ ಒಬ್ಬ ಹುಡುಗ ನನ್ನಲ್ಲಿ ಬಂದು, “ಹಾರಲು ಹೋದೆ ಫಾದರ್, ಎದೆಯ ಮೇಲೆ ಕಪ್ಪಗೆ ಒಂದು ಕೂತುಬಿಟ್ಟಿತು. ಕಣ್ಣು ಬಿಟ್ಟಿದ್ದೆ, ಕೈಕಾಲು ಅಲುಗಲಿಲ್ಲ” ಎಂದ. ಮನೆಯವರು ಆಗಲೇ ಏನೋ ಸೋಂಕಿದೆ ಎಂದು ಗಾಬರಿಯಾಗಿದ್ದರು.

ಸೋಂಕಿದ್ದು ಏನೂ ಇಲ್ಲ. ಕನಸಿನ ಹಂತದಲ್ಲಿ ಸಡಿಲವಾಗಿದ್ದ ಸ್ನಾಯುಗಳು ಬಿಡುಗಡೆಯಾಗುವ ಮೊದಲೇ ಬುದ್ಧಿ ಎಚ್ಚರವಾದರೆ ಹೀಗಾಗುತ್ತದೆ. ನಿದ್ದೆಯನ್ನು ನಡುವೆ ಮುರಿದವರಿಗೆ ಇದು ಹೆಚ್ಚು. ಬೇಡವೆಂದರೂ ನಿದ್ದೆ ಮುರಿಯುವ ರಬ್ಬರ್ ಟ್ಯಾಪಿಂಗಿನವರು ಇದನ್ನು ಬಲ್ಲರು. ಕತ್ತಲಲ್ಲೇ ಎದ್ದು ತಲೆಗೆ ಲೈಟು ಕಟ್ಟಿ ಹೋಗಿ, ಹಾಲು ಇಳಿಯುವಷ್ಟರಲ್ಲಿ ಬಂದು ಒಂದು ತೂಕಡಿಕೆ ಹಾಕುವಾಗ ಬರುವ ಕನಸುಗಳು ಬಹಳ ಸ್ಪಷ್ಟ, ಕೆಲವೊಮ್ಮೆ ಬಹಳ ಭಯಂಕರ. ಬೆಳಗಿನ ತೂಕಡಿಕೆಯಲ್ಲಿ ಕನಸಿನ ಹಂತವೇ ಹೆಚ್ಚಿರುವುದು ಇದಕ್ಕೆ ಕಾರಣ.

ಕನಸಿನಲ್ಲಿ ಎಚ್ಚರವಾಗುವುದನ್ನು ಸಾಧನೆಯಾಗಿ ಕಲಿಸುವ ಪರಂಪರೆ ನಮ್ಮಿಂದ ಬಹಳ ದೂರದಲ್ಲೇನೂ ಇಲ್ಲ. ಸುಳ್ಯ, ಮಡಿಕೇರಿ ದಾಟಿ ಮೈಸೂರಿಗೆ ಹೋಗುವ ದಾರಿಯಲ್ಲಿ ಬೈಲುಕುಪ್ಪೆ ಸಿಗುತ್ತದೆ. 1960ರ ದಶಕದ ಆರಂಭದಿಂದ ಟಿಬೆಟಿನ ನಿರಾಶ್ರಿತರು ಅಲ್ಲಿ ಜೋಳ ಬೆಳೆದು ಬದುಕು ಕಟ್ಟಿಕೊಂಡಿದ್ದಾರೆ. ನಮ್ಮಲ್ಲಿ ಹಲವರು ಅಲ್ಲಿನ ಚಿನ್ನದ ಬಣ್ಣದ ದೊಡ್ಡ ಬುದ್ಧಮೂರ್ತಿಗಳನ್ನು ನೋಡಿ ಬಂದಿದ್ದೀರಿ. ಟಿಬೆಟಿನ ಬೌದ್ಧ ಸಂಪ್ರದಾಯದಲ್ಲಿ ಕನಸಿನ ಯೋಗ ಎಂಬ ಸಾಧನೆಯಿದೆ. ಕನಸನ್ನು ಕನಸೆಂದು ಗುರುತಿಸುವುದು ಅದರ ಮೊದಲ ಮೆಟ್ಟಿಲು. ಅಲ್ಲಿಗೆ ಅದು ಮುಗಿಯುವುದಿಲ್ಲ. ಕನಸಿನಲ್ಲಿ ಬೆಂಕಿ ಕಂಡರೆ ಓಡದೆ ಅದರೊಳಗೆ ಕಾಲಿಡಲು ಮುಂದೆ ಕಲಿಸುತ್ತಾರೆ. ಆದರೆ ಇದು ಗುರುವಿನ ಹತ್ತಿರ, ಹಗಲಿನ ದೀರ್ಘ ಧ್ಯಾನದ ಬಳಿಕ ಕಲಿಯುವ ವಿದ್ಯೆ. ನಮ್ಮ ಹುಡುಗ ಮೊದಲ ಮೆಟ್ಟಿಲನ್ನು ಮೊಬೈಲಿನಲ್ಲಿ ಕಲಿತ, ಬೆಂಕಿಯ ಪಾಠವನ್ನು ಕಲಿಯಲಿಲ್ಲ. ದುಡಿಯುವ ಮನುಷ್ಯ ನಿದ್ದೆಯನ್ನು ಕಡಿದು ಆಟವಾಡಬಾರದು ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಆದರೆ ಬೇಡದೆಯೂ ಅರಿವಿನ ಕನಸು ಬರುವವರು ಆ ಬೆಂಕಿಯ ಪಾಠವನ್ನು ಕಲಿಯುವುದು ಒಳ್ಳೆಯದು.

ನನ್ನದೇ ಒಂದು ಮಾತು

ಇದನ್ನು ಪುಸ್ತಕ ಓದಿ ಮಾತ್ರ ಬರೆಯುತ್ತಿಲ್ಲ. ನನಗೆ ಹನ್ನೆರಡು ವರ್ಷವಾಗಿದ್ದಾಗ ನನ್ನ ತಂದೆ ಆಟಿ ತಿಂಗಳಲ್ಲಿ ಮದ್ದು ಬಿಡಲು ಕಂಗು ಹತ್ತಿದ್ದರು. ಕೆಳಗೆ ಪಂಪು ಒತ್ತಲು ನಾನಿದ್ದೆ. ಅವರು ಬಿದ್ದರು. ನಾನು ಜನ ಕರೆಯಲು ಕಟ್ಟಪುಣಿಯ ಮೇಲೆ ಓಡಿದೆ. ಓಡಿದ್ದು ಸರಿಯೇ, ಹನ್ನೆರಡು ವರ್ಷದ ಹುಡುಗ ಬೇರೇನು ಮಾಡಲು ಸಾಧ್ಯ? ಆದರೆ ನಾವು ಮರಳುವಾಗ ಅವರಿಗೆ ಮಾತು ನಿಂತಿತ್ತು. ಆಸ್ಪತ್ರೆಯಿಂದ ಅವರು ಜೀವಂತ ಬರಲಿಲ್ಲ. ಅಪ್ಪ ಕೊನೆಗೆ ಏನಾದರೂ ಹೇಳಿದರೋ, ಯಾರನ್ನಾದರೂ ಕರೆದರೋ ಯಾರಿಗೂ ಗೊತ್ತಿಲ್ಲ. ಅಲ್ಲಿ ಇರಬೇಕಾಗಿದ್ದವನು ನಾನು.

ಸೆಮಿನರಿ ಸೇರಿದ ಮೇಲೂ ಆ ಕನಸು ನನ್ನನ್ನು ಬಿಡಲಿಲ್ಲ. ಅಪ್ಪ ಮೇಲೆ, ನಾನು ಕೆಳಗೆ. ಅಪ್ಪ ತೀರಿಕೊಂಡಿದ್ದಾರೆ, ಆದ್ದರಿಂದ ಇದು ಕನಸು ಎಂದು ಕನಸಿನಲ್ಲೇ ನನಗೆ ಹೊಳೆಯುತ್ತಿತ್ತು. ಕೂಡಲೇ ‘ಇಳಿಯಿರಿ’ ಎಂದು ಕೂಗಲು ಹೋಗುತ್ತಿದ್ದೆ, ಸ್ವರ ಬರುತ್ತಿರಲಿಲ್ಲ. ಮರವನ್ನು ಹಿಡಿದು ನಿಲ್ಲಿಸಲು ಹೋಗುತ್ತಿದ್ದೆ, ಮರ ದೂರ ಸರಿಯುತ್ತಿತ್ತು. ಎಚ್ಚರವಾಗಬೇಕೆಂದು ಕಷ್ಟಪಟ್ಟು ಎದ್ದರೆ ಅದೂ ಕನಸೇ ಆಗಿರುತ್ತಿತ್ತು, ಪುನಃ ತೋಟವೇ. ನಾಚಿಕೆಯಿಂದ ಯಾರಿಗೂ ಹೇಳಿರಲಿಲ್ಲ. ಕೊನೆಗೊಮ್ಮೆ ಒಬ್ಬ ಹಿರಿಯ ಗುರುಗಳಿಗೆ ಹೇಳಿದೆ. ಅವರು ಕೇಳಿದ್ದು ಒಂದೇ ಮಾತು: “ನೀನು ಬೀಳುವುದನ್ನು ನಿಲ್ಲಿಸಲು ನೋಡುತ್ತೀಯಲ್ಲ, ಬಿದ್ದ ಮೇಲೆ ಏನು ಮಾಡುತ್ತೀ?”

ಬಿದ್ದ ಮೇಲೆ ನಾನು ಓಡುತ್ತಿದ್ದೆ. ಪ್ರತಿ ರಾತ್ರಿಯೂ ಓಡುತ್ತಿದ್ದೆ.

ಹಗಲಿನಲ್ಲಿ ಪ್ರಾರ್ಥನಾ ಮಂದಿರದಲ್ಲಿ ಕಣ್ಣು ಮುಚ್ಚಿ, ಓಡದೆ ಅಪ್ಪನ ಹತ್ತಿರ ಕೂರುವುದನ್ನು ಮನಸ್ಸಿನಲ್ಲೇ ಅಭ್ಯಾಸ ಮಾಡಿದೆ. ಮೊದಲ ದಿನಗಳಲ್ಲಿ ಅತ್ತದ್ದೇ ಹೆಚ್ಚು. ಕೆಲವು ವಾರಗಳ ಮೇಲೆ ಕನಸು ಬಂತು. ಅಪ್ಪ ಬಿದ್ದರು, ನಾನು ತಡೆಯಲಿಲ್ಲ, ಓಡಲೂ ಇಲ್ಲ. ಕೆಸರಿನಲ್ಲಿ ಕೂತು ಅವರ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡೆ. ಅವರು ನನ್ನನ್ನು ನೋಡಿದರು, ಏನೂ ಹೇಳಲಿಲ್ಲ. ಮಳೆ ಬರುತ್ತಿತ್ತು. ಎಚ್ಚರವಾದಾಗ ದಿಂಬು ಒದ್ದೆಯಾಗಿತ್ತು, ಆದರೆ ಎದೆ ಹೊಡೆದುಕೊಳ್ಳುತ್ತಿರಲಿಲ್ಲ. ಆಮೇಲೆ ಆ ಕನಸು ಪೂರ್ತಿ ನಿಂತಿತೆಂದು ಹೇಳಿದರೆ ಸುಳ್ಳಾದೀತು. ವರ್ಷಕ್ಕೊಮ್ಮೆ ಬರುವುದುಂಟು. ಬಂದರೆ ಬರಲಿ ಎನ್ನುವಷ್ಟಾಗಿದೆ.

ರಾತ್ರಿಯಲ್ಲಿ ಮಾಡಬೇಕಾದದ್ದು

ನನಗೆ ತಿಳಿದಷ್ಟನ್ನು ಕ್ರಮವಾಗಿ ಬರೆಯುತ್ತೇನೆ.

1. ಕೆಟ್ಟ ಕನಸಿನ ನಡುವೆ ‘ಇದು ಕನಸು’ ಎಂದು ತಿಳಿದರೆ ಮೊದಲು ಕನಸಿನಲ್ಲೇ ನಿಂತುಕೊಳ್ಳಿ. ಎರಡು ಅಂಗೈಗಳನ್ನು ಒಂದಕ್ಕೊಂದು ಉಜ್ಜಿ. ಇದರಿಂದ ಅರಿವು ಸ್ವಲ್ಪ ಗಟ್ಟಿಯಾಗುತ್ತದೆ ಎಂಬುದು ಇದನ್ನು ಅಭ್ಯಾಸ ಮಾಡಿದವರ ಅನುಭವ.

2. ಕನಸಿಗೆ ಅಪ್ಪಣೆ ಕೊಡಲು ಹೋಗಬೇಡಿ. ಹೆದರಿಕೆಯಿಂದ ಕೊಟ್ಟ ಅಪ್ಪಣೆಗೆ ಹೆದರಿಕೆಯೇ ಉತ್ತರ ಕೊಡುತ್ತದೆ. ಓಡಿದರೆ ಅಟ್ಟಿಸಿಕೊಂಡು ಬರುವ ನಾಯಿಯ ಹಾಗೆ ಅದು. ನಿಂತು ಅದರ ಕಡೆಗೆ ಮುಖ ತಿರುಗಿಸಿ. ‘ನೀನು ಯಾರು? ನನ್ನಿಂದ ಏನು ಬೇಕು?’ ಎಂದು ಕೇಳಿ.

3. ಕೇಳುವ ಧೈರ್ಯ ಬಾರದಿದ್ದರೆ ಒಂದು ಸಣ್ಣ ಬದಲಾವಣೆ ಮಾತ್ರ ಮಾಡಿ. ಕುಳಿತುಕೊಳ್ಳುವುದು, ನೆಲ ಮುಟ್ಟುವುದು, ಹತ್ತಿರದವರೊಬ್ಬರ ಹೆಸರು ಕರೆಯುವುದು, ಗೊತ್ತಿರುವ ಪ್ರಾರ್ಥನೆಯೊಂದನ್ನು ಶುರುಮಾಡುವುದು.

4. ಎಚ್ಚರವಾಗಿಯೂ ಮೈ ಅಲುಗದಿದ್ದರೆ ಸೆಣಸಬೇಡಿ. ಸೆಣಸಿದಷ್ಟೂ ಎದೆ ಬಿಗಿಯುತ್ತದೆ. ಉಸಿರನ್ನು ನಿಧಾನಕ್ಕೆ ಬಿಡಿ, ಕಾಲಿನ ಹೆಬ್ಬೆರಳನ್ನು ಮಾತ್ರ ಅಲುಗಿಸಲು ನೋಡಿ. ಸೆಕೆಂಡುಗಳಲ್ಲಿ, ಹೆಚ್ಚೆಂದರೆ ಕೆಲವು ನಿಮಿಷಗಳಲ್ಲಿ ಬಿಟ್ಟುಹೋಗುತ್ತದೆ. ಅಂಗಾತ ಮಲಗುವವರಿಗೆ ಇದು ಹೆಚ್ಚು, ಮಗ್ಗುಲಾಗಿ ಮಲಗಿ.

5. ಎದ್ದ ಮೇಲೆ ದೀಪ ಹಾಕಿ, ಮುಖ ತೊಳೆದು, ನೀರು ಕುಡಿಯಿರಿ. ಕೂಡಲೇ ಮಲಗಿದರೆ ಅದೇ ಕನಸಿಗೆ ಮರಳುವುದುಂಟು.

ಹಗಲಿನಲ್ಲಿ ಮಾಡಬೇಕಾದದ್ದು

ಇದೇ ಮುಖ್ಯ. 2006ರಲ್ಲಿ ನೆದರ್‌ಲೆಂಡ್ಸಿನ ಸಂಶೋಧಕರು ಕೆಟ್ಟ ಕನಸುಗಳಿಂದ ಬಳಲುವ 23 ಮಂದಿಯೊಂದಿಗೆ ಅರಿವಿನ ಕನಸಿನ ಚಿಕಿತ್ಸೆಯನ್ನು ಪರೀಕ್ಷಿಸಿದರು. ಚಿಕಿತ್ಸೆ ಪಡೆದವರಲ್ಲಿ ಕೆಟ್ಟ ಕನಸು ಕಡಿಮೆಯಾಯಿತು. ಆದರೆ ಹಾಗೆ ಕಡಿಮೆಯಾಗಲು ಕನಸಿನಲ್ಲಿ ಅರಿವು ಬರಲೇಬೇಕಾಗಿರಲಿಲ್ಲ. ಪ್ರಯೋಗ ಚಿಕ್ಕದು, ಆದರೂ ಅದರಿಂದ ನಾನು ತಿಳಿದುಕೊಂಡದ್ದು ಇಷ್ಟು: ಹಗಲಿನಲ್ಲಿ ಕೂತು, ಈ ಕನಸನ್ನು ಬೇರೆ ರೀತಿ ಎದುರಿಸಬಹುದು ಎಂದು ಮನಸ್ಸಿಗೆ ಕಲಿಸಿದ್ದೇ ಒಂದು ಮದ್ದು.

ಇದಕ್ಕೆ ಹೆಚ್ಚು ಗಟ್ಟಿಯಾದ ಆಧಾರವುಳ್ಳ ಕ್ರಮ ಇನ್ನೊಂದಿದೆ. ಕೆಟ್ಟ ಕನಸನ್ನು ಎಚ್ಚರದಲ್ಲಿ ಬರೆದು, ಅದರ ಕತೆಯನ್ನು ನಮಗೆ ಬೇಕಾದಂತೆ ಬದಲಾಯಿಸಿ, ಬದಲಾದ ಕತೆಯನ್ನು ದಿನಕ್ಕೆ ಹತ್ತಿಪ್ಪತ್ತು ನಿಮಿಷ ಮನಸ್ಸಿನಲ್ಲಿ ನೋಡುವುದು. ಅಮೆರಿಕದ ವೈದ್ಯ ಬ್ಯಾರಿ ಕ್ರಾಕೋವ್ ಮತ್ತು ಸಂಗಡಿಗರು ಲೈಂಗಿಕ ದೌರ್ಜನ್ಯಕ್ಕೊಳಗಾದ 168 ಮಹಿಳೆಯರೊಂದಿಗೆ ಇದನ್ನು ಪರೀಕ್ಷಿಸಿ, ಪ್ರಯೋಜನವಾದದ್ದನ್ನು 2001ರಲ್ಲಿ ಪ್ರಕಟಿಸಿದರು. ಮೊದಲಿಗೆ ಅತಿ ಭಯಂಕರ ಕನಸನ್ನು ಆರಿಸಬಾರದು. ಸಣ್ಣದರಿಂದ ಶುರುಮಾಡಬೇಕು. ಕತೆಯನ್ನು ಹೇಗೆ ಬದಲಾಯಿಸಬೇಕೆಂದು ಬೇರೆಯವರು ಹೇಳಬಾರದು, ಕನಸು ಕಂಡವರೇ ತೀರ್ಮಾನಿಸಬೇಕು.

ನಾಯ್ಮಾರ್ಮೂಲೆಯ ಯಜಮಾನರಿಗೆ ಈ ಕ್ರಮವನ್ನು ವಿವರಿಸಿದೆ. ಅವರು ಹೇಳುತ್ತಾ ಹೋದರು, ಹೈಸ್ಕೂಲಿಗೆ ಹೋಗುವ ಮಗಳು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. ಅಪ್ಪ ರಾತ್ರಿ ಯಾಕೆ ಬೊಬ್ಬೆ ಹೊಡೆಯುತ್ತಾರೆಂದು ಆ ಮಗು ಮೊದಲ ಸಲ ತಿಳಿದದ್ದು ಆ ದಿನ. ಕೊನೆಯನ್ನು ಬದಲಾಯಿಸಲು ಹೇಳಿದಾಗ ಅವರು ಬಹಳ ಹೊತ್ತು ಯೋಚಿಸಿದರು. ಮರ ಮುರಿಯುವುದಿಲ್ಲ, ನಾನು ಜಾರುವುದೂ ಇಲ್ಲ ಎಂದು ಹೇಳಬಹುದೆಂದು ನಾನು ನೆನೆಸಿದ್ದೆ. ಅವರು ಹಾಗೆ ಹೇಳಲಿಲ್ಲ. “ಜಾರುವುದು ಇರಲಿ. ಆದರೆ ಕಂಗು ಬಾಗಲಿ. ಒಂದು ಮರದಿಂದ ಇನ್ನೊಂದಕ್ಕೆ ದಾಟುವಾಗ ಬಾಗುತ್ತದಲ್ಲ, ಹಾಗೆ ಬಾಗಿ ಬಾಗಿ ನನ್ನನ್ನು ಅಂಗಳದ ಅಡಿಕೆ ಸಿಪ್ಪೆಯ ರಾಶಿಯ ಮೇಲೆ ಇಳಿಸಲಿ” ಎಂದರು. ಮಗಳು ಅದನ್ನೂ ಬರೆದಳು. ಮಲಗುವ ಮೊದಲು ಪ್ರತಿದಿನ ಅದನ್ನು ಓದಿ ಹೇಳುವುದು ಅವಳ ಕೆಲಸವಾಯಿತು.

ಎರಡು ತಿಂಗಳ ಮೇಲೆ ಹೋದಾಗ ಕನಸು ವಾರಕ್ಕೊಮ್ಮೆಗೆ ಇಳಿದಿತ್ತು. ಒಂದು ಸಲ ಮರ ಬಾಗಿದ್ದೂ ಉಂಟಂತೆ. ಕುಡಿತಕ್ಕೆ ಬೇರೆಯೇ ಚಿಕಿತ್ಸೆ ಬೇಕಾಯಿತು, ಅದು ಇನ್ನೂ ನಡೆಯುತ್ತಿದೆ.

ಮೊದಲು ಈ ಕಾರಣಗಳನ್ನು ನೋಡಿ

ಎಲ್ಲ ಕೆಟ್ಟ ಕನಸೂ ಮನಸ್ಸಿನ ಗಾಯದಿಂದಲೇ ಬರುವುದಿಲ್ಲ. ವೈದ್ಯರಲ್ಲಿ ಹೇಳಬೇಕಾದ ಕೆಲವು ಕಾರಣಗಳಿವೆ.

ಮದ್ಯ: ಇದು ಮೊದಲ ರಾತ್ರಿಯ ಕನಸುಗಳನ್ನು ಅದುಮುತ್ತದೆ. ಅದುಮಿದ್ದು ಬೆಳಗಿನ ಜಾವಕ್ಕೆ ಎರಡರಷ್ಟಾಗಿ ಏಳುತ್ತದೆ. ಬಹಳ ಕುಡಿಯುತ್ತಿದ್ದವರು ಒಮ್ಮೆಲೇ ಬಿಟ್ಟಾಗಲೂ ಭೀಕರ ಕನಸುಗಳು ಬರುತ್ತವೆ, ಮೈ ನಡುಗುತ್ತದೆ, ಜೀವಕ್ಕೂ ಅಪಾಯವಾಗಬಹುದು. ಆದ್ದರಿಂದ ವೈದ್ಯರ ಸಹಾಯದಿಂದಲೇ ಬಿಡಬೇಕು.

ಮಾತ್ರೆಗಳು: ರಕ್ತದೊತ್ತಡಕ್ಕೂ ಹೃದಯಕ್ಕೂ ಕೊಡುವ ಪ್ರೊಪ್ರನೊಲಾಲ್, ಮೆಟೊಪ್ರೊಲಾಲ್‌ನಂಥ ಮಾತ್ರೆಗಳು ಕೆಲವರಲ್ಲಿ ಕೆಟ್ಟ ಕನಸು ತರುತ್ತವೆ. ದಮ್ಮಿಗೆ ಕೊಡುವ ಮಾಂಟೆಲುಕಾಸ್ಟ್ ಕೂಡ ಹಾಗೆಯೇ, ಮಕ್ಕಳಲ್ಲಿ ವಿಶೇಷವಾಗಿ ಗಮನಿಸಿ. ನೀವಾಗಿಯೇ ಮಾತ್ರೆ ನಿಲ್ಲಿಸಬೇಡಿ. ಕೊಟ್ಟ ವೈದ್ಯರಿಗೆ ತಿಳಿಸಿದರೆ ಬದಲಾಯಿಸಿ ಕೊಡುತ್ತಾರೆ.

ತೋಟದ ವಿಷ: ಕ್ಲೋರ್‌ಪೈರಿಫಾಸ್, ಡೈಮಿಥೋಯೇಟ್ ಮುಂತಾದ ಕೀಟನಾಶಕಗಳು ಮೈಗೆ ಸೇರಿದರೆ ತಲೆನೋವು, ಬೆವರು, ಬಾಯಲ್ಲಿ ನೀರೂರುವುದು, ಕಣ್ಣು ಮಂಜಾಗುವುದು, ಸ್ನಾಯು ಅದುರುವುದರ ಜತೆಗೆ ನಿದ್ದೆಗೇಡು ಮತ್ತು ಕೆಟ್ಟ ಕನಸುಗಳೂ ಬರುತ್ತವೆ. ಸಿಂಪಡಿಸಿದ ದಿನವೇ ಹೀಗಾದರೆ ಕನಸಿನ ಅರ್ಥ ಹುಡುಕುತ್ತಾ ಕೂರಬೇಡಿ. ಬಟ್ಟೆ ಬದಲಾಯಿಸಿ, ಸಾಬೂನು ಹಾಕಿ ಮೈ ತೊಳೆದು, ಡಬ್ಬಿಯ ಲೇಬಲನ್ನು ಹಿಡಿದುಕೊಂಡು ಆಸ್ಪತ್ರೆಗೆ ಹೋಗಿ. 1970ರ ದಶಕದ ಕೊನೆಯಿಂದ 2000ದವರೆಗೆ ಗೇರು ತೋಟಗಳ ಮೇಲೆ ಆಕಾಶದಿಂದ ಎಂಡೋಸಲ್ಫಾನ್ ಸುರಿದ ಜಿಲ್ಲೆ ನಮ್ಮದು. 2011ರಲ್ಲಿ ಸುಪ್ರೀಂ ಕೋರ್ಟು ಅದನ್ನು ದೇಶವಿಡೀ ತಡೆಯಿತು. ವಿಷದ ಬಗ್ಗೆ ಅಸಡ್ಡೆ ಮಾಡುವ ಹಕ್ಕು ಕಾಸರಗೋಡಿನವರಿಗೆ ಇಲ್ಲ.

ಗೊರಕೆ: ಜೋರಾಗಿ ಗೊರಕೆ ಹೊಡೆದು ನಡುವೆ ಉಸಿರು ನಿಂತಂತಾಗುವವರಿಗೆ ಉಸಿರುಗಟ್ಟುವ, ಮುಳುಗುವ ಕನಸುಗಳು ಬೀಳುವುದುಂಟು. ಇದಕ್ಕೆ ಚಿಕಿತ್ಸೆಯಿದೆ.

ನಿದ್ದೆಯಲ್ಲಿ ಒದೆಯುವುದು: ಐವತ್ತು ದಾಟಿದವರು ಕನಸಿನಂತೆಯೇ ಒದೆಯುವುದು, ಗುದ್ದುವುದು, ಮಂಚದಿಂದ ಹಾರುವುದು ಶುರುವಾದರೆ ನರರೋಗ ತಜ್ಞರಿಗೆ ತೋರಿಸಲೇಬೇಕು. ಕೆಲವರಲ್ಲಿ ಇದು ಪಾರ್ಕಿನ್ಸನ್ಸ್ ಕಾಯಿಲೆಯ ಬಹಳ ಮುಂಚಿನ ಸೂಚನೆ.

ಇವೆಲ್ಲ ಇಲ್ಲದೆ ಕನಸುಗಳು ತಿಂಗಳುಗಟ್ಟಲೆ ಕಾಡಿದರೆ, ಬದುಕೇ ಬೇಡವೆನಿಸಿದರೆ, ಟೆಲಿ ಮಾನಸ್ ಎಂಬ ಸರಕಾರಿ ಸಹಾಯವಾಣಿಯ 14416 ಸಂಖ್ಯೆಗೆ ಯಾವ ಹೊತ್ತಿನಲ್ಲೂ ಉಚಿತವಾಗಿ ಕರೆ ಮಾಡಬಹುದು. 2022ರಲ್ಲಿ ಆರಂಭವಾದ ಈ ಸೇವೆಯ ಉಸ್ತುವಾರಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯದು. ಕನ್ನಡದಲ್ಲೂ ಮಲಯಾಳದಲ್ಲೂ ಮಾತಾಡಬಹುದು.

ಕೊನೆಯ ಮಾತು

ತುಳುನಾಡಿನಲ್ಲಿ ಸತ್ತವರು ಕನಸಿಗೆ ಬಂದರೆ ಕುಲೆ ಏನನ್ನೋ ಕೇಳುತ್ತಿದೆ ಎನ್ನುತ್ತಾರೆ. ನಮ್ಮ ನಂಬಿಕೆ ಬೇರೆಯಾದರೂ ಆ ಮಾತಿನೊಳಗಿನ ಒಂದು ತಿಳಿವಳಿಕೆಯನ್ನು ನಾನು ತಳ್ಳಿಹಾಕಲಾರೆ. ಕನಸು ಏನನ್ನೋ ಕೇಳುತ್ತದೆ, ನಿಜ. ನನ್ನ ಕನಸು, ಅಪ್ಪನ ಹತ್ತಿರ ಸ್ವಲ್ಪ ಕೂರು ಎಂದು ಕೇಳುತ್ತಿತ್ತು. ಅದನ್ನು ತಿಳಿಯಲು ಮಂತ್ರವಾದಿ ಬೇಕಿರಲಿಲ್ಲ. ಒಬ್ಬರ ಮುಂದೆ ಬಾಯಿ ಬಿಡಬೇಕಿತ್ತು. ನಮ್ಮ ಗಂಡಸರು ಸಾಲದ ಬಗ್ಗೆ, ಸೊಂಟನೋವಿನ ಬಗ್ಗೆ ಹೇಳಿಕೊಳ್ಳುತ್ತಾರೆ, ಕನಸಿನ ಹೆದರಿಕೆಯನ್ನು ಮಾತ್ರ ಹೇಳುವುದಿಲ್ಲ. ಅದನ್ನು ಹೇಳಿಕೊಳ್ಳುವುದು ನಾಚಿಕೆಯ ವಿಷಯವಲ್ಲ. ಮನೆಯವರೂ ‘ಕನಸು ತಾನೇ, ಮಲಗಿ’ ಎಂದು ಮಾತು ಮುಗಿಸಬಾರದು. ಕೂತು ಕೇಳಬೇಕು.

ತೋಟದ ಯಜಮಾನರಿಗೂ ಒಂದು ಮಾತಿದೆ. ಕನಸಿನಲ್ಲಿ ಬೀಳುವವನಿಗೆ ಧೈರ್ಯ ಹೇಳುವ ಮೊದಲು ಮರದಿಂದ ಬೀಳದ ಹಾಗೆ ನೋಡಿಕೊಳ್ಳಬೇಕು. ನೆಲದಲ್ಲೇ ನಿಂತು ಮದ್ದು ಬಿಡುವ, ಕೊನೆ ಕೊಯ್ಯುವ ಕಾರ್ಬನ್ ಫೈಬರ್ ದೋಟಿಗಳು ಈಗ ಬಂದಿವೆ. ಒಬ್ಬರಿಗೆ ದುಬಾರಿಯಾದರೆ ನಾಲ್ಕು ಮನೆಯವರು ಸೇರಿ ತೆಗೆದುಕೊಳ್ಳಬಹುದು. ಹತ್ತಲೇಬೇಕಾದರೆ ಸೊಂಟಕ್ಕೆ ಬೆಲ್ಟು ಇರಲಿ. ಮಳೆ ಬಿಟ್ಟ ಕೂಡಲೇ, ಮರ ಒಣಗುವ ಮೊದಲು, ‘ಇವತ್ತೇ ಮುಗಿಸಿಬಿಡು’ ಎಂದು ಯಾರನ್ನೂ ಹತ್ತಿಸಬೇಡಿ. ಆ ಒಂದು ದಿನದ ಅವಸರ ಅವನ ಮನೆಯವರನ್ನು ಎಷ್ಟು ವರ್ಷ ರಾತ್ರಿ ಎಬ್ಬಿಸುತ್ತದೆಂದು ನಾನು ಬಲ್ಲೆ.

ಕನಸೆಂದು ತಿಳಿದವನು ಹೆದರಬೇಕಾಗಿಲ್ಲ ಎಂದು ಹೇಳುವುದು ಸುಲಭ. ಹೆದರಿಕೆ ಬಂದೇ ಬರುತ್ತದೆ. ಓಡದೆ ನಿಲ್ಲುವುದನ್ನು ಮಾತ್ರ ಕಲಿಯಬಹುದು. ಅದನ್ನು ಕಲಿಯುವುದು ಹಗಲಿನಲ್ಲಿ, ನಮ್ಮವರ ಹತ್ತಿರ ಕೂತು.